ಕಂಬಳದಲ್ಲಿ ಬೆತ್ತದ ಲೆಕ್ಕ: ಓಟಗಾರರ ಮೇಲೆ ನಾವು ಕ್ರಮ ಕೈಗೊಳ್ಳುವ ಬಗೆ

ಜೋಡುಕರೆ ಕಂಬಳಗಳಲ್ಲಿ, ಅಂದರೆ ಅಕ್ಕಪಕ್ಕದ ಎರಡು ಕೆಸರು ಹಾದಿಗಳಲ್ಲಿ (ಕರೆಗಳಲ್ಲಿ) ಎರಡು ಜೋಡಿ ಕೋಣ ಒಟ್ಟಿಗೆ ಓಡುವ ಕೂಟಗಳಲ್ಲಿ, ಬೆತ್ತದ ಉಸ್ತುವಾರಿ ನೋಡುವ ತೀರ್ಪುಗಾರರಾಗಿ ನಾವು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಮೊದಲು ಹೇಳಬೇಕಾದದ್ದು ಒಂದೇ. ಕೋಣಕ್ಕೆ ಅತಿಯಾಗಿ ಹೊಡೆದ ಓಟಗಾರನಿಗೆ ಹಣದ ದಂಡ ಹಾಕಿ ಪ್ರಯೋಜನವಿಲ್ಲ. ಗೆದ್ದ ಜೋಡಿಗೆ ಎರಡು ಪವನು ಬಂಗಾರ ಸಿಗುವ ಕೂಟದಲ್ಲಿ ಐನೂರೋ ಸಾವಿರವೋ ರೂಪಾಯಿಯನ್ನು ಕೋಣದ ಯಜಮಾನರೇ ಅಲ್ಲೇ ಕಟ್ಟಿಬಿಡುತ್ತಾರೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲೂ ಮೊದಲ ತಪ್ಪಿಗೆ ಇರುವುದು 10ರಿಂದ 50 ರೂಪಾಯಿ ದಂಡ ಮಾತ್ರ. ಅತಿಯಾದ ಏಟು ಯಾವ ಸುತ್ತಿನಲ್ಲಿ ಬಿತ್ತೋ ಆ ಸುತ್ತೇ ಕೈತಪ್ಪಬೇಕು, ಅದೂ ಮುಂದಿನ ಸುತ್ತಿಗೆ ಕೋಣ ಇಳಿಯುವ ಮೊದಲು.

ಇದರಲ್ಲಿ ಸಡಿಲ ಬಿಡುವ ಹಾಗಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟನ್ನು ನಿಷೇಧಿಸಿ ಕೊಟ್ಟ ತೀರ್ಪಿನ ಬಿಸಿ ನಮ್ಮ ಕರೆಗಳಿಗೂ ತಟ್ಟಿತು. ಪ್ರಾಣಿಹಿಂಸೆ ತಡೆ ಕಾಯ್ದೆಗೆ ರಾಜ್ಯ ತಂದ 2017ರ ತಿದ್ದುಪಡಿಯಿಂದ ಕಂಬಳ ಮತ್ತೆ ಶುರುವಾಯಿತು, 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದರೆ ಕೋಣಕ್ಕೆ ಅನಗತ್ಯ ನೋವು ಆಗಬಾರದು ಎಂಬ ಷರತ್ತಿನ ಮೇಲೆಯೇ ಆ ಅನುಮತಿ ನಿಂತಿದೆ. ಒಬ್ಬ ಓಟಗಾರ ಬೀಸಿದ ಬೆತ್ತದ ವಿಡಿಯೊ ಒಂದು ಸಾಕು, ಇಡೀ ಕರಾವಳಿಯ ಕಂಬಳ ಮತ್ತೆ ನ್ಯಾಯಾಲಯದ ಮೆಟ್ಟಿಲೇರಲು.

ಕೆಲಸ ಶುರುವಾಗುವುದು ಕೋಣ ಗಂತಿಗೆ, ಅಂದರೆ ಓಟ ಹೊರಡುವ ತುದಿಗೆ, ಬರುವ ಮೊದಲು, ಬೆತ್ತದ ತಪಾಸಣೆಯಿಂದ. ಪ್ರತಿ ಬೆತ್ತವನ್ನೂ ಬುಡದಿಂದ ತುದಿಯವರೆಗೆ ಹತ್ತಿಯ ಬಟ್ಟೆಯಲ್ಲಿ ಹಿಡಿದು ಎಳೆಯುತ್ತೇವೆ. ಮೊಳೆಯ ತುದಿ, ತಂತಿ, ಸೀಳಿದ ಎಳೆ ಏನಿದ್ದರೂ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದ್ದು ಬಟ್ಟೆಗೆ ಗೊತ್ತಾಗುತ್ತದೆ, ಹಾಗಾಗಿ ರಾತ್ರಿಯ ಬೆಳಕಿನಲ್ಲಿ ಬರೀ ನೋಡಿ ಬಿಡಬಾರದು. ತುದಿ ಸೀಳಿದ ಬೆತ್ತ ಬಹಳ ಕೆಟ್ಟದ್ದು. ಸೀಳು ಚರ್ಮವನ್ನು ಚಿವುಟಿ ಎಳೆಯುವುದರಿಂದ ಹಗುರ ಏಟಿಗೂ ಗಾಯವಾಗುತ್ತದೆ. ಅಂಥದ್ದನ್ನು ಸೀಳು ಮುಗಿಯುವಲ್ಲಿಂದ ಕತ್ತರಿಸಿ, ತುದಿಗೆ ಬಟ್ಟೆ ಸುತ್ತಿಸಿ ಕೊಡುತ್ತೇವೆ. ಗಂಟು ಹಾಕಿದ ಚರ್ಮದ ಬಾರು, ಲೋಹದ ಉಂಗುರ ಇದ್ದರೆ ಬೆತ್ತವನ್ನೇ ತೆಗೆದಿಟ್ಟುಕೊಂಡು ಕೂಟ ಮುಗಿದ ಮೇಲೆ ವಾಪಸು ಕೊಡುವುದು. ಪಾಸಾದ ಬೆತ್ತದ ಹಿಡಿಗೆ ಬಣ್ಣದ ಟೇಪು ಸುತ್ತಿ ನಂಬರ್ ಬರೆಯುತ್ತೇವೆ. ಟೇಪು ಎದ್ದು ಕಾಣುವ ಬಣ್ಣದ್ದಾಗಿರಲಿ. ಕಪ್ಪು, ಕಂದು ಟೇಪು ಕೆಸರಿನಲ್ಲಿ ಕಾಣುವುದಿಲ್ಲ.

ಮೋಸ ಹೆಚ್ಚಾಗಿ ಇಲ್ಲಿಂದ ಮುಂದೆ ನಡೆಯುತ್ತದೆ. ತಪಾಸಣೆಗೆ ತೋರಿಸಿದ ಬೆತ್ತ ಒಂದು, ಗಂತಿನಲ್ಲಿ ಪರಿಚಾರಕರು ಕೈಗಿಡುವ ಬೆತ್ತ ಇನ್ನೊಂದು. ಆದ್ದರಿಂದ ಗಂತಿನ ಒಳಗೆ ಓಟಗಾರನನ್ನು ಬಿಟ್ಟು ಯಾರ ಕೈಯಲ್ಲೂ ಬೆತ್ತ ಇರಬಾರದು. ಇದನ್ನು ಪಾಲಿಸುವುದು ಏಟು ಎಣಿಸುವುದಕ್ಕಿಂತ ಕಷ್ಟ, ಆದರೆ ಇದೊಂದನ್ನು ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಕೋಣಗಳನ್ನು ನಿಲ್ಲಿಸಿ ಬಿಡುವ ಹೊತ್ತಿಗೆ ಸುತ್ತ ಜನ ಸೇರಿ, ಹಿಂದಿನಿಂದ ಮೂರ್ನಾಲ್ಕು ಕೈಗಳಿಂದ ಏಟು ಬೀಳುವುದುಂಟು. ಅದು ಯಾವ ಓಟಗಾರನ ಲೆಕ್ಕಕ್ಕೂ ಬರುವುದಿಲ್ಲ. ಜೋಡಿಗೆ ಇಷ್ಟೇ ಪರಿಚಾರಕರು ಎಂದು ಮೊದಲೇ ಬರೆಸಿಕೊಂಡು, ಅವರಲ್ಲಿ ಯಾರು ಹೊಡೆದರೂ, ಬಾಲ ತಿರುಚಿದರೂ ಜೋಡಿಯ ಮೇಲೆಯೇ ಕ್ರಮ ಎಂದು ಯಜಮಾನರ ಸಹಿ ಪಡೆಯಬೇಕು.

ಇನ್ನು ಎಣಿಕೆ. 2020ರಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಎಲ್ಲರಿಗೂ ಗೊತ್ತಿದೆ. ಸೆಕೆಂಡಿಗೆ ಹತ್ತು ಮೀಟರಿಗೂ ಹೆಚ್ಚು. ಅಷ್ಟು ವೇಗದಲ್ಲಿ, ಎರಡು ಕರೆಯ ಕೆಸರು ನೀರು ಒಟ್ಟಿಗೆ ಹಾರುತ್ತಿರುವಾಗ, ಒಬ್ಬರೇ ಎರಡೂ ಜೋಡಿಯನ್ನು ನೋಡಲಾಗದು. ಒಂದು ಕರೆಗೆ ಇಬ್ಬರು ಬೇಕು. ಒಬ್ಬರು ಗಂತಿನಿಂದ ನಡುವಿನವರೆಗೆ, ಇನ್ನೊಬ್ಬರು ನಡುವಿನಿಂದ ಮಂಜೊಟ್ಟಿಯವರೆಗೆ, ಅಂದರೆ ಓಟ ಮುಗಿಯುವ ತುದಿಯ ಏರಿನವರೆಗೆ. ಇಬ್ಬರೂ ಕೈಯಲ್ಲಿ ಒತ್ತುವ ಎಣಿಕೆ ಯಂತ್ರ ಹಿಡಿದಿರಬೇಕು, ಓಟ ಮುಗಿದ ತಕ್ಷಣ ಒಬ್ಬರನ್ನೊಬ್ಬರು ಕೇಳದೆ ಚೀಟಿಯಲ್ಲಿ ಬರೆಯಬೇಕು. ಮಾತಾಡಿಕೊಂಡು ಬರೆದ ಎಣಿಕೆ ವಿಚಾರಣೆಯಲ್ಲಿ ನಿಲ್ಲುವುದಿಲ್ಲ.

ಕ್ಯಾಮೆರಾ ಎರಡು ಸಾಕು. ಗಂತಿನ ಹಿಂದೆ ಆಳೆತ್ತರಕ್ಕಿಂತ ಮೇಲೆ ಒಂದು, ಕರೆಯ ಕೊನೆಯ ಮೂರನೇ ಒಂದು ಭಾಗಕ್ಕೆ ಅಡ್ಡವಾಗಿ ಒಂದು. ಬದಿಯಿಂದ ಮಾತ್ರ ತೆಗೆದರೆ ಆಚೆ ಪಕ್ಕದ ಕೋಣಕ್ಕೆ ಬಿದ್ದ ಏಟು ಕಾಣುವುದಿಲ್ಲ. ಸೆಕೆಂಡಿಗೆ 60 ಫ್ರೇಮ್ ಇಟ್ಟುಕೊಳ್ಳಿ. 30ರಲ್ಲಿ ಬೆತ್ತ ತಾಗಿದ ಕ್ಷಣ ಎರಡು ಫ್ರೇಮಿನ ನಡುವೆ ತಪ್ಪಿಹೋಗಬಹುದು. ನಮ್ಮ ಕಂಬಳಗಳು ರಾತ್ರಿಯಿಡೀ ನಡೆಯುವಂಥವು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಶಟರನ್ನು ಸೆಕೆಂಡಿನ ನೂರನೇ ಒಂದಕ್ಕೆ ಕಟ್ಟದಿದ್ದರೆ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಓಡಿ, ಬೇಕಾದ ಫ್ರೇಮೇ ಹಾಳಾಗುತ್ತದೆ. ಶಬ್ದವನ್ನು ಎಂದೂ ನಂಬಬೇಡಿ. ಬೆತ್ತ ನೊಗಕ್ಕೆ ಬಡಿದರೂ ನೀರಿಗೆ ಬಡಿದರೂ ಚಟ್ ಎನ್ನುತ್ತದೆ.

ಯಾವುದು ಏಟು, ಯಾವುದಲ್ಲ ಎಂದು ಕೂಟದ ಮೊದಲೇ ಮೈಕಿನಲ್ಲಿ ತುಳುವಿನಲ್ಲೂ ಕನ್ನಡದಲ್ಲೂ ಹೇಳಿಸುತ್ತೇವೆ. ಬೆತ್ತ ಎತ್ತಿ ಗಾಳಿಯಲ್ಲಿ ಆಡಿಸುವುದು, ಕೂಗುವುದು ತಪ್ಪಲ್ಲ. ಕೋಣ ಓರೆಯಾಗಿ ಎಳೆದಾಗ ಭುಜಕ್ಕೆ ಬೆತ್ತ ತಾಗಿಸಿ ನೇರ ಮಾಡುವುದನ್ನೂ ಎಣಿಸುವುದಿಲ್ಲ. ಹಿಂಭಾಗದ ದಪ್ಪ ಮಾಂಸಖಂಡದ ಮೇಲೆ ಬೀಳುವ ಏಟನ್ನು ಎಣಿಸುತ್ತೇವೆ; ನಾವು ಇಟ್ಟುಕೊಂಡ ಮಿತಿ ಓಟಕ್ಕೆ ಮೂರು. ಮುಖ, ಕಿವಿ, ಹೊಟ್ಟೆಯ ಪಕ್ಕ, ಬಾಲದ ಬುಡ, ಕಾಲಿನ ಒಳಮೈ, ಇಲ್ಲಿಗೆ ಒಂದೇ ಬಿದ್ದರೂ ತಪ್ಪು. ಮಂಜೊಟ್ಟಿ ಏರಿದ ಮೇಲೆ ಹೊಡೆದರೂ ತಪ್ಪು, ಏಕೆಂದರೆ ಅಷ್ಟರಲ್ಲಿ ಓಟವೇ ಮುಗಿದಿರುತ್ತದೆ. ಓಟಗಾರ ಹಲಗೆಯ ಮೇಲೆ ನಿಂತು ಕೋಣ ಓಡಿಸುವ ಕೆನೆಹಲಗೆ ವಿಭಾಗದಲ್ಲಿ ಗೆಲುವು ನೀರು ಹಾರುವ ಎತ್ತರದ್ದು, ಹೊತ್ತಿನದ್ದಲ್ಲ. ಅಲ್ಲಿ ಹೊಡೆತಕ್ಕೆ ಕಾರಣವೇ ಇಲ್ಲವಾದ್ದರಿಂದ ಮಿತಿ ಇನ್ನೂ ಬಿಗಿ.

ಎಣಿಕೆಯಷ್ಟೇ ಮುಖ್ಯ ಕೈಯ ಎತ್ತರ. ಮೂರೇ ಏಟಾದರೂ ತಲೆಯ ಹಿಂದಿನಿಂದ ಬೀಸಿ ತಂದರೆ ಅದು ಕ್ರೂರವೇ. ಇದಕ್ಕೆ ನಾವು ನೋಡಿದ್ದು ಹಾರ್ನೆಸ್ ರೇಸನ್ನು, ಅಂದರೆ ಎರಡು ಗಾಲಿಯ ಹಗುರ ಗಾಡಿಯಲ್ಲಿ ಕುಳಿತು ಕುದುರೆ ಓಡಿಸುವ ಸ್ಪರ್ಧೆಯನ್ನು. ಉತ್ತರ ಅಮೆರಿಕದ ಹಲವು ಕಡೆ ಗಾಡಿ ಓಡಿಸುವವನು ಎರಡೂ ಕೈಯಲ್ಲಿ ಲಗಾಮು ಹಿಡಿದೇ ಇರಬೇಕು, ಮಣಿಕಟ್ಟಿನಿಂದ ಮಾತ್ರ ಚಾಟಿ ಆಡಿಸಬೇಕು. ನಮ್ಮ ಹಗ್ಗ, ನೇಗಿಲು ವಿಭಾಗಗಳಲ್ಲಿ ಒಂದು ಕೈ ಹಗ್ಗಕ್ಕೋ ನೇಗಿಲಿಗೋ, ಇನ್ನೊಂದು ಬೆತ್ತಕ್ಕೆ; ಜತೆಗೆ ಓಟಗಾರ ತಾನೂ ಕೆಸರಿನಲ್ಲಿ ಓಡುತ್ತಿರುತ್ತಾನೆ. ಹಾಗಾಗಿ ಆ ನಿಯಮದ ಮೊದಲ ಭಾಗ ನಮಗೆ ಹೊಂದದು. ಎರಡನೆಯದನ್ನು ಸ್ವಲ್ಪ ಬದಲಿಸಿಕೊಂಡೆವು: ಏಟು ಬೀಳುವಾಗ ಮೊಣಕೈ ಹೆಗಲಿನ ಗೆರೆ ದಾಟಬಾರದು. ವಿಡಿಯೊ ನಿಲ್ಲಿಸಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ, ವಾದಕ್ಕೆ ಎಡೆಯಿಲ್ಲ.

ಹೊಡೆಯದಿದ್ದರೆ ಕೋಣ ಓಡುವುದಿಲ್ಲ ಎನ್ನುವವರು ಈಗಲೂ ಇದ್ದಾರೆ. ಹೆಚ್ಚಿನ ಏಟು ಬೀಳುವುದು ಕೊನೆಯ ಮೂವತ್ತು ನಲವತ್ತು ಮೀಟರಿನಲ್ಲಿ, ಕೋಣ ದಣಿದಿರುವಾಗ. ಸಿಡ್ನಿ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ರೇಸ್ ಕುದುರೆಗಳ ಅಧ್ಯಯನದಲ್ಲೂ ಕೊನೆಯ ಹಂತದ ಚಾಟಿಯಿಂದ ಫಲಿತಾಂಶ ಸುಧಾರಿಸಿದ್ದು ಕಾಣಲಿಲ್ಲ. ಕರೆಯಲ್ಲಿ ನಾವು ಕಾಣುವುದೂ ಅದನ್ನೇ. ದಣಿದ ಜೋಡಿಯಲ್ಲಿ ಏಟು ತಿಂದ ಕೋಣ ಪಕ್ಕಕ್ಕೆ ಸರಿಯುತ್ತದೆ, ನೊಗ ಓರೆಯಾಗುತ್ತದೆ, ಇನ್ನೊಂದರ ಹೆಜ್ಜೆ ತಪ್ಪುತ್ತದೆ.

ಕೋಣದ ಮೈಮೇಲೆ ಏಟಿನ ಬರೆ ನೋಡುವುದಕ್ಕೆ ಅವಸರ ಬೇಡ. ಕಪ್ಪು ಚರ್ಮದ ಮೇಲೆ ಕೆಸರು ಮೆತ್ತಿರುವಾಗ ಏನೂ ತಿಳಿಯದು. ಮೈ ತೊಳೆಸಿ, ಕಾಲು ಗಂಟೆ ಬಿಟ್ಟು, ಅಂಗೈಯನ್ನು ಕೂದಲಿಗೆ ಎದುರಾಗಿ ಸವರಬೇಕು. ಬಾಸುಂಡೆ ಇದ್ದರೆ ಬೆರಳಿಗೆ ಏಣಿನ ಹಾಗೆ ಸಿಗುತ್ತದೆ, ಬಿಸಿಯೂ ಇರುತ್ತದೆ. ಅರಶಿನ, ಎಣ್ಣೆ ಹಚ್ಚುವ ಮೊದಲೇ ನೋಡಬೇಕು. ಗಾಯವಿದ್ದರೆ ಪಶುವೈದ್ಯರೇ ಬರೆದು ಸಹಿ ಹಾಕಲಿ; ಅದನ್ನು ತೀರ್ಪುಗಾರರು ಬರೆಯಬಾರದು.

ವಿಚಾರಣೆ ಹತ್ತು ನಿಮಿಷದೊಳಗೆ ಮುಗಿಯಬೇಕು. ಓಟಗಾರ, ಯಜಮಾನರು ಅಥವಾ ಅವರ ಕಡೆಯ ಒಬ್ಬರು, ಎಣಿಸಿದ ಇಬ್ಬರು, ಇಷ್ಟೇ ಜನ. ಮೊದಲು ಓಟಗಾರನ ಮಾತು ಕೇಳಿ, ಆಮೇಲೆ ವಿಡಿಯೊ ತೋರಿಸಬೇಕು. ಮೊದಲೇ ತೋರಿಸಿದರೆ ಅವನು ಚಿತ್ರಕ್ಕೆ ತಕ್ಕ ಸಮಜಾಯಿಷಿ ಹುಡುಕುತ್ತಾನೆ. ಕಾಲುಭಾಗ ವೇಗದಲ್ಲಿ ಎರಡು ಸಲ, ಪೂರ್ತಿ ವೇಗದಲ್ಲಿ ಒಂದು ಸಲ. ನಿಧಾನದಲ್ಲಿ ಏಟಿನ ನಿಜವಾದ ರಭಸ ತಿಳಿಯದಾದ್ದರಿಂದ ಪೂರ್ತಿ ವೇಗದ್ದನ್ನು ಬಿಡಬಾರದು. ಚೀಟಿಯ ಎಣಿಕೆಗೂ ವಿಡಿಯೊಗೂ ವ್ಯತ್ಯಾಸ ಬಂದರೆ ವಿಡಿಯೊದಲ್ಲಿ ತಾಗಿದ್ದು ಕಾಣುವಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ. ಅನುಮಾನದ ಲಾಭ ಓಟಗಾರನಿಗೆ.

ಕ್ರಮದ ವಿಷಯದಲ್ಲಿ ನಮಗೆ ದಾರಿ ತೋರಿದ್ದು ಬ್ರಿಟನ್ನಿನ ಕುದುರೆ ಓಟ. ಅಲ್ಲಿ 2023ರಿಂದ ಸಮತಟ್ಟಿನ ಓಟಕ್ಕೆ 6, ಬೇಲಿ ಹಾರುವ ಓಟಕ್ಕೆ 7 ಏಟಿನ ಮಿತಿ. ಮಿತಿಗಿಂತ ನಾಲ್ಕು ಹೆಚ್ಚಾದರೆ ಕುದುರೆಯೇ ಫಲಿತಾಂಶದಿಂದ ಹೊರಗೆ. ಅಂದರೆ ಪೆಟ್ಟು ಮಾಲೀಕರಿಗೂ ತಟ್ಟುತ್ತದೆ. ನಮ್ಮಲ್ಲಿ ಒಂದು ಏಟು ಹೆಚ್ಚಾದರೆ ಬರೆದಿಟ್ಟ ಎಚ್ಚರಿಕೆ. ಎರಡು ಹೆಚ್ಚಾದರೆ, ಅಥವಾ ಮೊಣಕೈ ಗೆರೆ ದಾಟಿದರೆ, ಆ ಸುತ್ತು ಎದುರಾಳಿಗೆ. ರಕ್ತ ಬಂದರೆ, ಮುಖಕ್ಕೆ ಹೊಡೆದರೆ, ಟೇಪಿಲ್ಲದ ಬೆತ್ತ ಸಿಕ್ಕರೆ ಜೋಡಿ ಕೂಟದಿಂದಲೇ ಹೊರಗೆ.

ಕಗ್ಗಂಟಾಗುವುದು ಒಂದು ಕಡೆ. ಒಬ್ಬನೇ ಒಳ್ಳೆಯ ಓಟಗಾರ ಒಂದೇ ಕಂಬಳದಲ್ಲಿ ಮೂರ್ನಾಲ್ಕು ಮನೆತನದ ಕೋಣಗಳನ್ನು ಓಡಿಸುತ್ತಾನೆ. ಒಂದು ಜೋಡಿಗೆ ಹೊಡೆದದ್ದಕ್ಕೆ ಅವನನ್ನು ಕೂರಿಸಿದರೆ ಉಳಿದ ಯಜಮಾನರು ನಮ್ಮ ಕೋಣ ಏನು ಮಾಡಿತ್ತು ಎಂದು ಕೇಳುತ್ತಾರೆ, ಆ ಕೇಳಿಕೆ ನ್ಯಾಯವೇ. ಇದಕ್ಕೆ ಕೂಟದ ಮೊದಲೇ ಪ್ರತಿ ಜೋಡಿಗೂ ಬದಲಿ ಓಟಗಾರನ ಹೆಸರು ಬರೆಸಿಕೊಳ್ಳುತ್ತೇವೆ. ಹೆಸರು ಕೊಡದವರಿಗೆ ಆಮೇಲೆ ತಕರಾರು ಎತ್ತುವ ಹಕ್ಕಿಲ್ಲ. ಎಚ್ಚರಿಕೆ ಕೂಡ ಜೋಡಿಯ ಹೆಸರಿನಲ್ಲಲ್ಲ, ಓಟಗಾರನ ಹೆಸರಿನಲ್ಲಿ ದಾಖಲಾಗಬೇಕು. ಇಲ್ಲದಿದ್ದರೆ ನೇಗಿಲು ಕಿರಿಯದಲ್ಲಿ ಒಂದು, ಹಗ್ಗ ಹಿರಿಯದಲ್ಲಿ ಒಂದು ಎಂದು ಹಂಚಿಹೋಗಿ, ಎಷ್ಟು ಸಲ ಹೊಡೆದರೂ ಅವನಿಗೆ ಅದು ಮೊದಲ ಎಚ್ಚರಿಕೆಯಾಗಿಯೇ ಉಳಿಯುತ್ತದೆ.

ಆ ದಾಖಲೆ ಪುಸ್ತಕದಲ್ಲಿ ಓಟಗಾರನ ಹೆಸರು, ವಿಭಾಗ, ಸುತ್ತು, ಎಡಕರೆಯೋ ಬಲಕರೆಯೋ, ಬೆತ್ತದ ನಂಬರ್, ಎಣಿಕೆ, ವಿಡಿಯೊದ ಗಂಟೆ ನಿಮಿಷ, ಓಟಗಾರ ಹೇಳಿದ್ದು, ಕೊನೆಗೆ ಮೂವರ ಸಹಿ. ಕೂಟ ಮುಗಿದ ಬೆಳಿಗ್ಗೆ ಅದರ ಒಂದು ಪ್ರತಿ ಆ ಊರಿನ ಸಮಿತಿಗೆ, ಇನ್ನೊಂದು ಮುಂದಿನ ವಾರದ ಕಂಬಳದ ತೀರ್ಪುಗಾರರಿಗೆ. ವಿಡಿಯೊವನ್ನು ಆ ಋತು ಮುಗಿಯುವವರೆಗೆ ಅಳಿಸುವುದಿಲ್ಲ, ಓಟಗಾರನ ಮನೆಯವರು ಕೇಳಿದರೂ ಸಮಿತಿಯ ಎದುರಲ್ಲದೆ ತೋರಿಸುವುದಿಲ್ಲ.