ಶೆಲ್ಟರ್‌ನಿಂದ ನಾಯಿ ತರುವುದಾದರೆ ಬೆಳೆದ ನಾಯಿಯನ್ನೇ ತನ್ನಿ

ನಮ್ಮ ಕಾಸರಗೋಡು ಕಡೆ ನಾಯಿ ಬೇಕು ಅನ್ನಿಸಿದ ಕೂಡಲೇ ಎಲ್ಲರೂ ಕೇಳುವುದು ಒಂದೇ, "ಎಲ್ಲಿಯಾದ್ರೂ ಒಂದು ಗಂಡುಮರಿ ಉಂಟಾ?" ಹೆಣ್ಣುಮರಿ ಯಾರಿಗೂ ಬೇಡ. ಅದನ್ನು ಗೋಣಿಯಲ್ಲಿ ಹಾಕಿ ಪೇಟೆಯ ಮೀನು ಮಾರ್ಕೆಟ್ಟಿನ ಹತ್ತಿರ ಬಿಟ್ಟು ಹೋಗುತ್ತಾರೆ. ಹಾಗೆ ಬಿಟ್ಟವುಗಳಲ್ಲಿ ಯಾರದ್ದಾದರೂ ಕಣ್ಣಿಗೆ ಬಿದ್ದ ಕೆಲವು ಶೆಲ್ಟರ್, ಅಂದರೆ ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಜಾಗ, ಸೇರುತ್ತವೆ, ಅಲ್ಲೇ ಬೆಳೆಯುತ್ತವೆ, ಮತ್ತೆ ಅಲ್ಲೇ ಉಳಿಯುತ್ತವೆ. ಯಾಕೆಂದರೆ ಶೆಲ್ಟರ್‌ಗೆ ಹೋದವರೂ ಕೇಳುವುದು ಮರಿಯನ್ನೇ.

ನಮ್ಮ ಮನೆಯಲ್ಲಿ ಈಗ ಇರುವುದು ಶೆಲ್ಟರ್‌ನಿಂದ ತಂದ ಊರುನಾಯಿ. ಹೆಣ್ಣು, ಬರುವಾಗಲೇ ಬೆಳೆದಿತ್ತು. ಅದನ್ನು ನೋಡಿ ಬದಿಯಡ್ಕ, ಪೆರ್ಲದ ಕಡೆಯ ನೆಂಟರು ಫೋನ್ ಮಾಡಿ ಹೇಗೆ ತರುವುದು, ಏನು ನೋಡಬೇಕು ಅಂತ ಕೇಳುತ್ತಾ ಇರುತ್ತಾರೆ. ಎಲ್ಲವನ್ನೂ ಒಂದು ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ಮೊದಲು ಮನೆಯವರ ಒಪ್ಪಿಗೆ. ಇದನ್ನು ಹಗುರ ಮಾಡಬೇಡಿ. ಅಡಿಗೆಮನೆ, ದೇವರಕೋಣೆ, ಮಡಿ ಅಂತ ಇರುವ ಮನೆಗಳಲ್ಲಿ ನಾಯಿ ಎಲ್ಲಿಯವರೆಗೆ ಬರಬಹುದು ಅನ್ನುವುದು ತರುವ ಮೊದಲೇ ತೀರ್ಮಾನ ಆಗಬೇಕು. ಜಗಲಿವರೆಗೆ ಅಂತಾದರೆ ಜಗಲಿವರೆಗೆ. ನಾಯಿಗೆ ಅದರಿಂದ ಬೇಜಾರಿಲ್ಲ. ಆದರೆ ಇವತ್ತು ಮಗ ಒಳಗೆ ಕರೆಯುವುದು, ನಾಳೆ ಅಜ್ಜಿ ಕೋಲು ಹಿಡಿದು ಓಡಿಸುವುದು, ಹೀಗಾದರೆ ಪಾಪ ಅದಕ್ಕೆ ಏನೂ ಅರ್ಥ ಆಗುವುದಿಲ್ಲ. ಅಜ್ಜಿಯನ್ನೂ ಶೆಲ್ಟರ್‌ಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಹಗಲು ಪೂರ್ತಿ ಇರುವವರು ಅವರೇ ಅಲ್ವಾ?

ಯಾವಾಗ ತರುವುದು ಅನ್ನುವುದೂ ಮುಖ್ಯ. ದೀಪಾವಳಿ, ವಿಷು, ಹತ್ತಿರದ ದೇವಸ್ಥಾನದ ಜಾತ್ರೆ, ಇವುಗಳ ಹಿಂದೆ ಮುಂದೆ ಬೇಡ. ಕದಿನದ (ಜಾತ್ರೆಯಲ್ಲಿ ಸಿಡಿಸುವ ಗುಂಡಿನ) ಸದ್ದಿಗೆ ಹೊಸ ನಾಯಿ ಓಡಿದರೆ ದಾರಿ ಗೊತ್ತಿಲ್ಲದೆ ತಪ್ಪಿಸಿಕೊಳ್ಳುತ್ತದೆ. ಅಡಿಕೆ ಕೊಯ್ಲಿಗೆ ದಿನಾ ಹೊಸ ಜನ ತೋಟಕ್ಕೆ ಬರುವಾಗ, ಮನೆಯಲ್ಲಿ ಮದುವೆ, ಪೂಜೆ ಇರುವಾಗಲೂ ಬೇಡ. ಸುಮ್ನೆ ಇರುವ ಎರಡು ಮೂರು ವಾರ ನೋಡಿ.

ಇನ್ನು ಎಲ್ಲಿಂದ ತರುವುದು. ಮಂಜೇಶ್ವರ, ಕುಂಬಳೆ ಕಡೆಯವರಿಗೆ ಮಂಗಳೂರೇ ಹತ್ತಿರ. ಅಲ್ಲಿ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇದೆ. ಶೆಲ್ಟರ್ ಯಾವುದಾದರೂ ಮೊದಲು ಫೋನ್ ಮಾಡಿ, ನಾಯಿ ನೋಡಲು ಬರುವ ಹೊತ್ತು ಕೇಳಿಕೊಂಡು ಹೋಗಿ. ಮನೆ ಕೇರಳದಲ್ಲಿದೆ ಅಂತ ಮೊದಲೇ ಹೇಳಿಬಿಡಿ. ಮನೆ ನೋಡಲು ಬರುವುದು, ಆಮೇಲೆ ವಿಚಾರಿಸುವುದು ಎಲ್ಲ ಅವರಿಗೆ ದೂರದ ಕೆಲಸ. ಗುರುತಿನ ಚೀಟಿ, ಮನೆಯ ಮತ್ತು ಅಂಗಳದ ಫೋಟೋ ಜೊತೆಯಲ್ಲಿರಲಿ. ಅವರು ತುಂಬ ಪ್ರಶ್ನೆ ಕೇಳುತ್ತಾರೆ, ಕೆಲವರಿಗೆ ಇದು ಸಿಟ್ಟು ಬರಿಸುತ್ತದೆ, ಧರ್ಮಕ್ಕೆ ನಾಯಿ ಸಾಕುತ್ತೇನೆ ಅಂದರೂ ಇಷ್ಟು ವಿಚಾರಣೆಯಾ ಅಂತ. ಆದರೆ ಒಮ್ಮೆ ಬಿಟ್ಟುಹೋದ ನಾಯಿ ಮತ್ತೆ ಬೀದಿಗೆ ಬೀಳಬಾರದು ಅಂತ ಕೇಳುವುದು ಅದು. ಪ್ರಶ್ನೆ ಕೇಳದೆ ನಾಯಿ ಕೊಡುವ ಜಾಗಕ್ಕಿಂತ ಕೇಳಿ ಕೊಡುವ ಜಾಗವೇ ನನಗೆ ಹೆಚ್ಚು ನಂಬಿಕೆ.

ಒಂದು ಪ್ರಶ್ನೆ ಖಂಡಿತ ಬರುತ್ತದೆ: ಕಟ್ಟಿ ಹಾಕುತ್ತೀರಾ? ನಿಜ ಹೇಳಿ. ತೋಟದ ಮನೆಗಳಲ್ಲಿ ಕಾಂಪೌಂಡ್ ಇರುವುದಿಲ್ಲ, ಸ್ವಲ್ಪ ಹೊತ್ತು ಕಟ್ಟಬೇಕಾಗುತ್ತದೆ. ಅದು ಬೇರೆ, ಹುಟ್ಟಿನಿಂದ ಸಾಯುವವರೆಗೆ ಕೊಟ್ಟಿಗೆಯ ಕಂಬಕ್ಕೆ ಚೈನಿನಲ್ಲಿ ಇರಿಸುವುದು ಬೇರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಇದು ಇದೆ. ಯಾವಾಗಲೂ ಕಟ್ಟಿಹಾಕುವ ನಾಯಿಯನ್ನು ನಡೆದಾಡಿಸದೆ ಇಟ್ಟರೆ ಅದು ಅಪರಾಧ.

ಈಗ ನಾಯಿ ಆರಿಸುವ ವಿಷಯ. ನಾನು ದೊಡ್ಡ, ಅಂದರೆ ಬೆಳೆದ ನಾಯಿಯನ್ನೇ ತನ್ನಿ ಅನ್ನುವುದಕ್ಕೆ ಕಾರಣ ಇದೆ. ಮರಿ ಮುಂದೆ ಹೇಗಾಗುತ್ತದೆ ಅಂತ ಯಾರೂ ಹೇಳಲಾರರು. ಒಂದೂವರೆ ಎರಡು ವರ್ಷದ ನಾಯಿಯ ಗುಣ ಕಣ್ಣೆದುರೇ ಇರುತ್ತದೆ, ಅದು ಮಕ್ಕಳನ್ನು ಕಂಡರೆ ಏನು ಮಾಡುತ್ತದೆ, ಊಟದ ಬಟ್ಟಲಿನ ಹತ್ತಿರ ಹೋದರೆ ಗುರ್ ಅನ್ನುತ್ತದಾ, ಬೆಕ್ಕಿನ ಹಿಂದೆ ಓಡುತ್ತದಾ ಎಲ್ಲ ಅಲ್ಲಿ ಅನ್ನ ಹಾಕುವವರಿಗೆ ಚೆನ್ನಾಗಿ ಗೊತ್ತು. ಆಫೀಸಿನಲ್ಲಿ ಕೂತವರನ್ನಲ್ಲ, ಅನ್ನ ಹಾಕುವವರನ್ನೇ ಕೇಳಿ. ಇನ್ನೊಂದು ಕಾರಣ ಪಾರ್ವೊ. ವಾಂತಿ, ರಕ್ತಭೇದಿ ಆಗಿ ಎರಡು ಮೂರು ದಿನದಲ್ಲಿ ಮರಿಗಳನ್ನು ಕೊಂಡುಹೋಗುವ ಕಾಯಿಲೆ ಅದು. ಅದರ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಿಮ್ಮ ಅಂಗಳದಲ್ಲಿ ಇತ್ತೀಚೆಗೆ ಯಾವುದಾದರೂ ಮರಿ ಹಾಗೆ ಸತ್ತಿದ್ದರೆ ಲಸಿಕೆ ಮುಗಿಯದ ಮರಿಯನ್ನು ಅಲ್ಲಿಗೆ ತರಲೇಬೇಡಿ. ಲಸಿಕೆ ಆದ ದೊಡ್ಡ ನಾಯಿಗೆ ಆ ಭಯ ತುಂಬ ಕಡಿಮೆ.

ಹೆಣ್ಣುನಾಯಿ ಅಂದರೆ ಹಿಂಜರಿಯಬೇಡಿ. ಶೆಲ್ಟರ್‌ನ ದೊಡ್ಡ ಹೆಣ್ಣುನಾಯಿಗೆ ಹೆಚ್ಚಾಗಿ ಸಂತಾನಹರಣ ಆಪರೇಷನ್ ಆಗಿರುತ್ತದೆ. ಆಗಿದೆಯಾ ಅಂತ ಕೇಳಿ, ಕಾಗದದಲ್ಲೂ ನೋಡಿ. ಬೀದಿಯಿಂದ ಹಿಡಿದು ಆಪರೇಷನ್ ಮಾಡಿದ ನಾಯಿಯಾದರೆ ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ. ಮತ್ತೆ ಮರಿಗಳ ಚಿಂತೆಯೇ ಇಲ್ಲ. ಕಾವಲಿಗೂ ಹೆಣ್ಣುನಾಯಿ ಕಡಿಮೆಯಲ್ಲ, ನಮ್ಮದು ಗೇಟಿನ ಹತ್ತಿರ ಬೈಕ್ ನಿಲ್ಲುವ ಮೊದಲೇ ಹೇಳುತ್ತದೆ.

ಶೆಲ್ಟರ್‌ನಲ್ಲಿ ನಾಯಿ ನೋಡುವಾಗ ಗೂಡಿನ ಒಳಗಿನ ನಾಯಿಯನ್ನು ನೋಡಿ ತೀರ್ಮಾನ ಮಾಡಬೇಡಿ. ಪಕ್ಕದ ನಾಯಿಗಳೆಲ್ಲ ಬೊಗಳುವಾಗ ಅದೂ ಬೊಗಳುತ್ತದೆ, ಇಲ್ಲವಾದರೆ ಹೆದರಿ ಮೂಲೆ ಸೇರುತ್ತದೆ. ಹೊರಗೆ ಕರೆದುಕೊಂಡು ಹೋಗಬಹುದಾ ಅಂತ ಕೇಳಿ. ಸ್ವಲ್ಪ ದೂರ ನಡೆಸಿ. ಆಮೇಲೆ ನೀವು ನೆಲದಲ್ಲಿ ಕೂತುಕೊಳ್ಳಿ, ಅದರ ಕಣ್ಣನ್ನೇ ನೋಡದೆ ಪಕ್ಕಕ್ಕೆ ತಿರುಗಿ ಕೂತರೆ ತಾನಾಗಿ ಮೂಸಲು ಬರುತ್ತದೆ. ಬರದಿದ್ದರೆ ಇನ್ನೊಂದು ದಿನ ಹೋಗಿ. ಒಂದೇ ನೋಟಕ್ಕೆ ತಂದ ನಾಯಿಗಿಂತ ಎರಡು ಸಲ ನೋಡಿ ತಂದ ನಾಯಿ ಒಳ್ಳೆಯದು. ಮನೆಯಲ್ಲಿ ದನ, ಕೋಳಿ ಇದ್ದರೆ ಅದನ್ನೂ ಹೇಳಿ, ಎಷ್ಟೋ ನಾಯಿಗಳು ದನವನ್ನು ಹತ್ತಿರದಿಂದ ನೋಡಿಯೇ ಇರುವುದಿಲ್ಲ.

ಕಾಗದ ಇಲ್ಲದೆ ಹೊರಡಬೇಡಿ. ರೇಬೀಸ್ ಲಸಿಕೆ ಹಾಕಿದ ದಿನ, ಬೇರೆ ಲಸಿಕೆಗಳು, ಹುಳದ ಮದ್ದು ಕೊಟ್ಟ ದಿನ, ಆಪರೇಷನ್ ಆದ ದಿನ, ಮುಂದಿನ ಡೋಸ್ ಯಾವಾಗ, ಇಷ್ಟೂ ಲಸಿಕೆ ಪುಸ್ತಕದಲ್ಲಿ ಇರಬೇಕು. ಕೇರಳದಲ್ಲಿ ನಾಯಿ ಸಾಕಲು ಪಂಚಾಯತಿನ ಲೈಸನ್ಸ್ ಬೇಕು, ಅದಕ್ಕೆ ರೇಬೀಸ್ ಲಸಿಕೆಯ ಸರ್ಟಿಫಿಕೇಟ್ ಕೇಳುತ್ತಾರೆ. ಕರ್ನಾಟಕದ ಕಾಗದ ಇಲ್ಲಿ ಹಿಡಿದುಕೊಂಡು ಹೋದರೆ ಸರಿಯಾಗುತ್ತದಾ ಅಂತ ಅಲೆಯುವ ಬದಲು ನಾಯಿಯನ್ನು ನಿಮ್ಮ ಪಂಚಾಯತಿನ ಮೃಗಾಸ್ಪತ್ರೆಗೆ ಒಮ್ಮೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಹೇಗೂ ತೋರಿಸಬೇಕು. ಆಗಲೇ ಕಾಗದದ ವಿಷಯವನ್ನೂ ಕೇಳಿ.

ಮರಿಯೇ ಬೇಕು ಅಂತ ಹಠ ಇದ್ದರೆ ಎಂಟು ವಾರ ಆಗದ ಮರಿಯನ್ನು ತಾಯಿಯಿಂದ ಬಿಡಿಸಿ ತರಬೇಡಿ. ಆರರಿಂದ ಎಂಟು ವಾರದಲ್ಲಿ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ, ರೇಬೀಸ್ ಮೂರು ತಿಂಗಳಿಗೆ. ಅಷ್ಟರವರೆಗೆ ಬೇರೆ ನಾಯಿಗಳು ಓಡಾಡುವ ಜಾಗಕ್ಕೆ ಬಿಡುವಂತಿಲ್ಲ.

ಕರೆತರುವ ದಿನ ಹೊರಡುವ ಮೂರು ನಾಲ್ಕು ಗಂಟೆ ಮೊದಲು ಹೊಟ್ಟೆ ತುಂಬ ಊಟ ಕೊಡಬೇಡಿ ಅಂತ ಶೆಲ್ಟರ್‌ನವರಿಗೆ ಹೇಳಿ. ಕಾರಿನಲ್ಲಿ ವಾಂತಿ ಮಾಡುತ್ತದೆ. ಹಳೆ ಬೆಡ್‌ಶೀಟ್ ಹಾಸಿ, ಒಬ್ಬರು ಹಿಂದೆ ಜೊತೆಗೆ ಕೂರಲಿ. ಗಡಿಯ ತಲಪಾಡಿ ದಾಟುವಾಗ ಎಲ್ಲಿಯಾದರೂ ನಿಲ್ಲಿಸಿದರೆ ಹಗ್ಗ ಕೈಯಲ್ಲಿ ಹಿಡಿದ ಮೇಲೆಯೇ ಬಾಗಿಲು ತೆಗೆಯಬೇಕು. ಹೈವೇ ಬದಿಯಲ್ಲಿ ತಪ್ಪಿಸಿಕೊಂಡ ನಾಯಿ ಸಿಗುವುದು ಬಹಳ ಕಷ್ಟ. ಶೆಲ್ಟರ್‌ನಿಂದಲೇ ಕೊರಳಪಟ್ಟಿ ಹಾಕಿಸಿ, ಅದರ ಮೇಲೆ ನಿಮ್ಮ ಫೋನ್ ನಂಬರ್ ಬರೆಯಿರಿ. ಎದೆಗೆ ಹಾಕುವ ಬೆಲ್ಟ್ ಇನ್ನೂ ಒಳ್ಳೆಯದು, ಹೆದರಿದ ನಾಯಿ ಹಿಂದಕ್ಕೆ ಎಳೆದರೆ ಕೊರಳಪಟ್ಟಿಯಿಂದ ತಲೆ ಸುಲಭವಾಗಿ ಜಾರುತ್ತದೆ.

ಮನೆಗೆ ಬಂದ ಮೇಲಿನ ದಿನಗಳೇ ನಿಜವಾದ ಕೆಲಸ. ನಾಯಿ ಸಾಕುವವರ ನಡುವೆ ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ಇದೆ. ಮೂರು ದಿನ ಹೆದರಿಕೆ ಇಳಿಯಲು, ಮೂರು ವಾರ ಮನೆಯ ಕ್ರಮ ಗೊತ್ತಾಗಲು, ಮೂರು ತಿಂಗಳು ಇದು ನನ್ನ ಮನೆ ಅನ್ನಿಸಲು. ಪ್ರತಿ ನಾಯಿಗೂ ಗಡಿಯಾರ ನೋಡಿದ ಹಾಗೆ ಆಗುವುದಿಲ್ಲ. ಆದರೆ ಮೊದಲ ವಾರದಲ್ಲೇ "ಇದು ಬಾಲ ಆಡಿಸುವುದಿಲ್ಲ, ಹತ್ತಿರ ಬರುವುದಿಲ್ಲ" ಅಂತ ಸೋಲಬಾರದು. ಊರಿಗೆ ಊರೇ ನೋಡಲು ಬಂದರೆ ಬೇಡ ಅನ್ನಿ. ಮಕ್ಕಳು ಅಪ್ಪಿ ಹಿಡಿಯಲು ಹೋದರೆ ತಡೆಯಿರಿ. ಜಗಲಿಯ ಒಂದು ಮೂಲೆಯಲ್ಲಿ ಗೋಣಿ ಹಾಸಿ, ನೀರಿನ ಪಾತ್ರೆ ಇಟ್ಟು, ಅದನ್ನು ಅದರ ಪಾಡಿಗೆ ಬಿಡಿ. ಮೊದಲ ದಿನ ಊಟ ಬಿಟ್ಟರೆ ಗಾಬರಿ ಬೇಡ. ನೀರು ಕೂಡ ಕುಡಿಯದಿದ್ದರೆ, ವಾಂತಿ ಭೇದಿ ಆದರೆ ಕಾಯಬೇಡಿ.

ಊಟ ಮೊದಲ ವಾರ ಶೆಲ್ಟರ್‌ನಲ್ಲಿ ಕೊಡುತ್ತಿದ್ದದ್ದೇ ಇರಲಿ, ಆಮೇಲೆ ನಿಧಾನವಾಗಿ ಮನೆಯ ಕುಚ್ಚಲಕ್ಕಿ ಅನ್ನ, ಮೊಟ್ಟೆ, ಮುಳ್ಳು ತೆಗೆದ ಬೇಯಿಸಿದ ಮೀನು ಸೇರಿಸಿ. ಸಸ್ಯಾಹಾರಿ ಮನೆಯವರು ಮೊಸರನ್ನದಲ್ಲೇ ಸಾಕುತ್ತೇವೆ ಅಂದರೆ ಅದು ಸಾಲದು, ನಾಯಿಗೆ ಪ್ರೋಟೀನ್ ಬೇಕು. ಮನೆಯಲ್ಲಿ ಮೊಟ್ಟೆ ಬೇಯಿಸುವುದಿಲ್ಲ ಅಂದರೆ ಅಂಗಡಿಯ ಒಣ ಫುಡ್ ಕೊಡಿ. ನೀರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾಂಬಾರು, ಚಾಕೊಲೇಟ್, ದ್ರಾಕ್ಷಿ, ಬೇಯಿಸಿದ ಕೋಳಿ ಎಲುಬು ಬೇಡವೇ ಬೇಡ.

ತೋಟವನ್ನು ಪರಿಚಯ ಮಾಡಿಸುವುದು ಉದ್ದ ಹಗ್ಗದಲ್ಲಿ. ಮೊದಲ ಕೆಲವು ವಾರ ಬಿಡಲೇಬೇಡಿ. ಕಟ್ಟೆ ಇಲ್ಲದ ಬಾವಿ, ನೀರಾವರಿ ಟ್ಯಾಂಕಿ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಬಾಯಿ ಎಲ್ಲ ಅದಕ್ಕೆ ಗೊತ್ತಿಲ್ಲ. ಅಡಿಕೆಗೆ ಬೋರ್ಡೋ ಮದ್ದು ಹೊಡೆಯುವ ದಿನ ಒಳಗೇ ಇರಲಿ, ಮೈಲುತುತ್ತು ಬೆರೆಸಿದ ಡ್ರಮ್ಮಿನ ನೀರು ಕುಡಿದರೆ ಪ್ರಾಣಕ್ಕೆ ಅಪಾಯ. ಇಲಿಪಾಷಾಣ ಇಡುವ ಅಭ್ಯಾಸ ಇದ್ದರೆ ನಾಯಿ ತರುವ ಮೊದಲೇ ನಿಲ್ಲಿಸಿ. ಅಂಗಳದಲ್ಲಿ ಒಣ ಹಾಕಿದ ಅಡಿಕೆಯನ್ನೂ ಜಗಿಯಲು ಬಿಡಬೇಡಿ. ಅಡಿಕೆಯಲ್ಲಿರುವ ಅರೆಕೋಲಿನ್ ಹಿಂದೆ ನಾಯಿಗಳ ಹೊಟ್ಟೆಹುಳಕ್ಕೆ ಮದ್ದಾಗಿತ್ತು ನಿಜ, ಆದರೆ ಅಳತೆ ಮೀರಿದರೆ ಜೊಲ್ಲು, ವಾಂತಿ, ಭೇದಿ ಶುರುವಾಗುತ್ತದೆ. ಕಾರಡ್ಕ, ಮುಳಿಯಾರು ಕಡೆಯವರು ರಾತ್ರಿ ನಾಯಿಯನ್ನು ಹೊರಗೆ ಕಟ್ಟಬಾರದು. ಅಲ್ಲಿ ಚಿರತೆ ಬರುತ್ತದೆ, ಚೈನಿನಲ್ಲಿರುವ ನಾಯಿಗೆ ಓಡಲೂ ಆಗುವುದಿಲ್ಲ. ಬಾಗಿಲಿರುವ ಗೂಡು, ಅಥವಾ ಬಾಗಿಲು ಹಾಕಿದ ಕೊಟ್ಟಿಗೆ.

ಕರೆಯುವ ಮಾತನ್ನು ಮನೆಯವರೆಲ್ಲ ಒಂದೇ ಇಟ್ಟುಕೊಳ್ಳಿ. ನಮ್ಮಲ್ಲಿ ಒಬ್ಬರು "ಬಾ", ತೋಟದ ಕೆಲಸದವರು ತುಳುವಿನಲ್ಲಿ "ಬಲ", ಪಕ್ಕದ ಮನೆಯವರು ಮಲಯಾಳದಲ್ಲಿ "ವಾ" ಅನ್ನುತ್ತಾರೆ. ಕಲಿಯುವವರೆಗಾದರೂ ಒಂದೇ ಇರಲಿ. ಹಾಲು ಕೊಂಡುಹೋಗುವವರು, ಅಡಿಕೆ ತೆಗೆಯುವವರು ಬಂದಾಗ ಅವರ ಕೈಯಿಂದಲೇ ಒಂದು ತುಂಡು ಬಿಸ್ಕೆಟ್ ಕೊಡಿಸಿ. ಬೇಗ ಹೊಂದಿಕೊಳ್ಳುತ್ತದೆ.

ಒಂದು ವೇಳೆ ತಪ್ಪಿಸಿಕೊಂಡರೆ ಕೂಗುತ್ತಾ ಹಿಂದೆ ಓಡಬೇಡಿ, ಇನ್ನೂ ದೂರ ಹೋಗುತ್ತದೆ. ಅದು ಮಲಗಿದ ಗೋಣಿ ಮತ್ತು ಊಟ ಜಗಲಿಯಲ್ಲೇ ಇರಲಿ, ರಾತ್ರಿ ಸದ್ದಡಗಿದ ಮೇಲೆ ಎಷ್ಟೋ ನಾಯಿಗಳು ತಾವೇ ಬರುತ್ತವೆ. ಜೊತೆಗೆ ಶೆಲ್ಟರ್‌ಗೂ ಅಕ್ಕಪಕ್ಕದವರಿಗೂ ಆಗಲೇ ಹೇಳಿ.

ಉಣ್ಣಿಯನ್ನು ಸಣ್ಣದು ಅಂತ ಬಿಡಬೇಡಿ. ನಮ್ಮ ಸೆಕೆಗೆ, ತೇವಕ್ಕೆ ಅದು ತುಂಬ ಜಾಸ್ತಿ, ಅದರಿಂದ ಬರುವ ಜ್ವರ ಊರುನಾಯಿಯನ್ನೂ ಮಲಗಿಸುತ್ತದೆ. ಊಟ ಬಿಡುವುದು, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಇದರಲ್ಲಿ ಒಂದು ಕಂಡರೂ ಅದೇ ದಿನ ಡಾಕ್ಟರ್. ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡಬೇಡಿ. ಉಣ್ಣಿಗೆ ಮೂರು ತಿಂಗಳು ಕೆಲಸ ಮಾಡುವ ಮಾತ್ರೆ ಈಗ ಸಿಗುತ್ತದೆ, ತೂಕ ನೋಡಿ ಡಾಕ್ಟರೇ ಹೇಳಬೇಕು. ಮಳೆಗಾಲಕ್ಕೆ ಮೊದಲು ಇಲಿಜ್ವರದ ಲಸಿಕೆಯೂ ಆಗಿರಲಿ, ನಾಯಿಯಿಂದ ಮನುಷ್ಯರಿಗೂ ಬರುವ ಕಾಯಿಲೆ ಅದು.

ಕಚ್ಚಿದರೆ, ಲಸಿಕೆ ಆದ ನಾಯಿಯೇ ಆಗಲಿ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅರಸಿನ, ಸುಣ್ಣ ಹಚ್ಚಬೇಡಿ. ಡಾಕ್ಟರ್ ಹೇಳಿದ ಇಂಜೆಕ್ಷನ್ ಅರ್ಧಕ್ಕೆ ಬಿಡಬೇಡಿ.

ಇಷ್ಟೆಲ್ಲ ಮಾಡಿಯೂ ಹೊಂದಿಕೆಯಾಗದೆ ಇರಬಹುದು, ಮನೆಯಲ್ಲಿ ಯಾರಿಗಾದರೂ ಉಬ್ಬಸ ಜಾಸ್ತಿಯಾಗಬಹುದು, ಕೋಳಿಗಳನ್ನು ಹಿಡಿಯುವುದು ನಿಲ್ಲದೆ ಇರಬಹುದು. ಆಗ ತಂದ ಜಾಗಕ್ಕೇ ಫೋನ್ ಮಾಡಿ. ಬೇರೆಯವರಿಗೆ ದಾಟಿಸುವುದಾದರೂ ಶೆಲ್ಟರ್‌ಗೆ ಹೇಳಿಯೇ ದಾಟಿಸಿ. ಕಾಡಿನ ಬದಿಯಲ್ಲೋ ಮಾರ್ಕೆಟ್ಟಿನಲ್ಲೋ ಬಿಟ್ಟು ಬರುವುದು ಅದೇ 1960ರ ಕಾಯ್ದೆಯಲ್ಲಿ ಅಪರಾಧ. ವಾಪಸ್ ಕೊಡುವಾಗ ಲಸಿಕೆ ಪುಸ್ತಕ ಜೊತೆಗಿರಲಿ, ಏನು ತಿನ್ನುತ್ತಿತ್ತು, ಯಾವುದಕ್ಕೆ ಹೆದರುತ್ತಿತ್ತು, ಯಾವಾಗ ಗುರ್ ಅಂದಿತು ಅಂತ ಮುಚ್ಚಿಡದೆ ಬರೆದುಕೊಡಿ, ಮುಂದೆ ಕೊಂಡುಹೋಗುವವರಿಗೆ ಬೇಕಾದದ್ದು ಅದೇ.