ಕಾರ್ಖಾನೆಯ ಸಿಮ್ಯುಲೇಶನ್: ಅಂಕಿ ಮೊದಲು, ಆನಿಮೇಷನ್ ಆಮೇಲೆ

ಸರಾಸರಿ 10 ನಿಮಿಷಕ್ಕೊಂದು ಬಿಡಿಭಾಗ ಮಷಿನ್‌ಗೆ ಬರುತ್ತದೆ. ಮಷಿನ್ ಅದನ್ನು ಸರಾಸರಿ 9 ನಿಮಿಷದಲ್ಲಿ ಮುಗಿಸುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಲೆಕ್ಕ ಹಾಕಿದರೆ ಸರದಿಯೇ ಇಲ್ಲ. ಆದರೆ ಬರುವ ಅಂತರವೂ ಕೆಲಸದ ಅವಧಿಯೂ ಎಕ್ಸ್‌ಪೊನೆನ್ಷಿಯಲ್ ಹಂಚಿಕೆಯಂತೆ (ಹೆಚ್ಚಿನವು ಚಿಕ್ಕವು, ಆಗೊಮ್ಮೆ ಈಗೊಮ್ಮೆ ತೀರಾ ದೊಡ್ಡದು) ಏರಿಳಿಯುತ್ತಿದ್ದರೆ ಅದೇ ಭಾಗ ಮಷಿನ್ ಮುಂದೆ ಸರಾಸರಿ 81 ನಿಮಿಷ ಕಾಯುತ್ತದೆ. ಸಿಮ್ಯುಲೇಶನ್, ಅಂದರೆ ಲೈನಿನ ಓಟವನ್ನು ಕಂಪ್ಯೂಟರ್ ಮಾಡೆಲ್‌ನಲ್ಲಿ ಅನುಕರಿಸಿ ನೋಡುವುದು, ಬೇಕಾಗುವುದು ಈ ಏರಿಳಿತಕ್ಕಾಗಿಯೇ. ಏರಿಳಿತವಿಲ್ಲದ ಲೈನ್ ಆದರೆ ಸ್ಪ್ರೆಡ್‌ಶೀಟ್ ಸಾಕು, ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ.

ಹಂತ 1: ಪ್ರಶ್ನೆ. ಒಂದೇ ವಾಕ್ಯದಲ್ಲಿ ಬರೆಯಿರಿ. "ಇಡೀ ಕಾರ್ಖಾನೆಯ ಮಾಡೆಲ್ ಬೇಕು" ಎಂಬುದು ಪ್ರಶ್ನೆಯಲ್ಲ. "ಮೂರನೇ ಮತ್ತು ನಾಲ್ಕನೇ ಮಷಿನ್ ನಡುವಿನ ಬಫರನ್ನು (ಭಾಗಗಳು ಕಾಯುವ ಜಾಗ) 20 ಭಾಗಗಳಿಂದ 40ಕ್ಕೆ ಏರಿಸಿದರೆ ಶಿಫ್ಟಿಗೆ ಎಷ್ಟು ಭಾಗ ಹೆಚ್ಚು ಬರುತ್ತದೆ?" ಎಂಬುದು ಪ್ರಶ್ನೆ. ಇದರ ಉತ್ತರವನ್ನು ಅಲುಗಾಡಿಸದ ಯಾವುದೂ ಮಾಡೆಲ್‌ಗೆ ಬೇಡ.

ಹಂತ 2: ಹರಿವಿನ ಚಿತ್ರ. ಕಾಗದದ ಮೇಲೆ ಬರೆಯಿರಿ: ಯಾವುದು ಯಾವುದಕ್ಕಾಗಿ ಕಾಯುತ್ತದೆ, ಯಾವ ಕೆಲಸಕ್ಕೆ ಆದ್ಯತೆ, ಕೆಟ್ಟ ಭಾಗ ಎಲ್ಲಿಗೆ ವಾಪಸ್ ಹೋಗುತ್ತದೆ.

ಹಂತ 3: ಅಂಕಿಅಂಶ. ಹೆಚ್ಚಿನ ಮಾಡೆಲ್‌ಗಳು ಹಾಳಾಗುವುದು ಇಲ್ಲೇ. ಒಟ್ಟು ಸಮಯದ ಅರ್ಧವನ್ನು ಇದಕ್ಕೇ ಎತ್ತಿಡಿ.

ಮೊದಲ ಎಡವಟ್ಟು ಸೈಕಲ್ ಟೈಮ್‌ನಲ್ಲಿ, ಅಂದರೆ ಒಂದು ಭಾಗಕ್ಕೆ ಮಷಿನ್ ತೆಗೆದುಕೊಳ್ಳುವ ಸಮಯದಲ್ಲಿ. ಕಂಪ್ಯೂಟರ್ ದಾಖಲೆಯಲ್ಲಿ ಎರಡು ಭಾಗಗಳು ಮುಗಿದ ಹೊತ್ತಿನ ನಡುವಿನ ಅಂತರ ಸಿಗುತ್ತದೆ. ಅದನ್ನೇ ಸೈಕಲ್ ಟೈಮ್ ಎಂದು ತುಂಬಿಬಿಡುತ್ತಾರೆ. ಆ ಅಂತರದಲ್ಲಿ ಮಾಲಿಗಾಗಿ ಕಾದದ್ದು, ಮುಂದಿನ ಬಫರ್ ತುಂಬಿ ನಿಂತದ್ದು, ಆಪರೇಟರ್ ಬೇರೆಡೆ ಹೋದದ್ದು ಎಲ್ಲವೂ ಸೇರಿರುತ್ತದೆ. ಈ ಕಾಯುವಿಕೆಯನ್ನು ಮಾಡೆಲ್ ತಾನೇ ಹುಟ್ಟಿಸುತ್ತದೆ, ಹಾಗಾಗಿ ಅದು ಎರಡು ಸಲ ಲೆಕ್ಕವಾಗುತ್ತದೆ. ಸ್ಟಾಪ್‌ವಾಚ್ ಹಿಡಿದು ನಿಲ್ಲಿ. ಭಾಗವನ್ನು ಮಷಿನ್‌ಗೆ ಹಾಕಲು ಕೈಗೆತ್ತಿಕೊಂಡದ್ದರಿಂದ ಕೆಲಸ ಮುಗಿದು ಅದು ಹೊರಬರಲು ಸಿದ್ಧವಾದ ಕ್ಷಣದವರೆಗೆ ಮಾತ್ರ ಅಳೆಯಿರಿ. ಕನಿಷ್ಠ 50 ಅಳತೆ ಬೇಕು, ಅವೂ ಎಲ್ಲ ಶಿಫ್ಟ್‌ಗಳಿಂದ, ಬೇರೆ ಬೇರೆ ಆಪರೇಟರ್‌ಗಳಿಂದ.

ನಂತರ ಹಿಸ್ಟೋಗ್ರಾಮ್ (ಯಾವ ಅಳತೆ ಎಷ್ಟು ಸಲ ಬಂತೆಂದು ತೋರಿಸುವ ಕಂಬಚಿತ್ರ) ಬರೆದು ಕಣ್ಣಿನಿಂದಲೇ ನೋಡಿ. ಎರಡು ಗುಡ್ಡೆ ಕಂಡರೆ ಎರಡು ಬಗೆಯ ಉತ್ಪನ್ನ ಬೆರೆತಿರುವ ಸಾಧ್ಯತೆಯೇ ಹೆಚ್ಚು, ಬೇರ್ಪಡಿಸಿ. ತೀರಾ ದೊಡ್ಡ ಅಳತೆಯೊಂದು ಸಿಕ್ಕಿತೆಂದು ಅಳಿಸಬೇಡಿ. ಕಾರಣ ವಿಚಾರಿಸಿ: ಮಷಿನ್ ಕೆಟ್ಟಿದ್ದರೆ ಅದನ್ನು ಬ್ರೇಕ್‌ಡೌನ್ ಪಟ್ಟಿಗೆ ಸೇರಿಸಿ, ಇಲ್ಲವಾದರೆ ಅಲ್ಲೇ ಇರಲಿ. ಸರದಿ ಬೆಳೆಸುವುದು ಇಂಥ ದೊಡ್ಡ ಅಳತೆಗಳೇ.

ಹಂಚಿಕೆ, ಅಂದರೆ ಯಾವ ಅವಧಿ ಎಷ್ಟು ಸಲ ಬರುತ್ತದೆ ಎಂಬುದರ ಗಣಿತದ ಆಕಾರ, ಆರಿಸುವಾಗ ಸರಾಸರಿಯ ಎರಡೂ ಬದಿಗೆ ಸಮನಾಗಿ ಹರಡುವ ನಾರ್ಮಲ್ ಕಡೆ ಕೈ ತಾನಾಗಿ ಹೋಗುತ್ತದೆ, ತಡೆಯಿರಿ. ಸರಾಸರಿ 5 ನಿಮಿಷ, ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯ ಸುತ್ತ ಹರಡಿಕೆಯ ಅಳತೆ) 3 ಎಂದು ಕೊಟ್ಟರೆ ನೂರಕ್ಕೆ ಸುಮಾರು 5 ಸಲ ಸೊನ್ನೆಗಿಂತ ಕಡಿಮೆ ಅವಧಿ ಬರುತ್ತದೆ. ಅದನ್ನು ಸೊನ್ನೆ ಮಾಡಿದರೂ ಎಸೆದರೂ ಸರಾಸರಿ ಮೇಲಕ್ಕೆ ಜರುಗುತ್ತದೆ. ಕೈಕೆಲಸಕ್ಕೆ ಸೊನ್ನೆಗಿಂತ ಕೆಳಗಿಳಿಯದ ಲಾಗ್‌ನಾರ್ಮಲ್ ಅಥವಾ ಗಾಮಾ ಹಂಚಿಕೆ ಬಳಸಿ. ಅಳತೆಯೇ ಸಿಗದಿದ್ದಾಗ ತ್ರಿಕೋನ ಹಂಚಿಕೆ (ಕನಿಷ್ಠ, ಸಾಮಾನ್ಯ, ಗರಿಷ್ಠ ಎಂಬ ಮೂರೇ ಅಂಕಿ ಸಾಕು) ಕೊನೆಯ ದಾರಿ, ಅದೂ ಎಚ್ಚರದಿಂದ. "ಕಡಿಮೆ ಅಂದ್ರೆ 2, ಸಾಮಾನ್ಯವಾಗಿ 3, ಜಾಸ್ತಿ ಅಂದ್ರೆ 20 ನಿಮಿಷ" ಎಂದು ಸೂಪರ್‌ವೈಸರ್ ಹೇಳಿದ್ದನ್ನು ಹಾಗೆಯೇ ತುಂಬಿದರೆ ಸರಾಸರಿ 8.3 ನಿಮಿಷವಾಗುತ್ತದೆ. ಅವರು ಹೇಳಲು ಹೊರಟದ್ದು ಇದನ್ನಲ್ಲ. ಇನ್ನು, ತಾನೇ ಹಂಚಿಕೆ ಹೊಂದಿಸಿಕೊಡುವ ಸಾಫ್ಟ್‌ವೇರ್ ಬಟನ್: ಅಳತೆ ಕಡಿಮೆಯಿದ್ದರೆ ಅದರ ಪರೀಕ್ಷೆಯಲ್ಲಿ ಎಲ್ಲ ಹಂಚಿಕೆಯೂ ಪಾಸು, ಸಾವಿರಾರು ಅಳತೆಯಿದ್ದರೆ ಹೆಚ್ಚುಕಡಿಮೆ ಎಲ್ಲವೂ ಫೇಲು. ಹಿಸ್ಟೋಗ್ರಾಮ್ ಮೇಲೆ ಗೆರೆ ಕೂರುತ್ತದೆಯೇ ಎಂದು ನೀವೇ ನೋಡಿ.

ಬ್ರೇಕ್‌ಡೌನ್ ಇನ್ನೂ ಕಷ್ಟ. "ಮಷಿನ್ ನೂರಕ್ಕೆ 90ರಷ್ಟು ಹೊತ್ತು ಓಡುತ್ತದೆ" ಎಂದಷ್ಟೇ ತಿಳಿದರೆ ಏನೂ ತಿಳಿದಂತಲ್ಲ. 90 ನಿಮಿಷ ಓಡಿ 10 ನಿಮಿಷ ನಿಲ್ಲುವ ಮಷಿನ್‌ಗೂ 72 ಗಂಟೆ ಓಡಿ 8 ಗಂಟೆ ನಿಲ್ಲುವ ಮಷಿನ್‌ಗೂ ಅದೇ 90 ಅನ್ವಯಿಸುತ್ತದೆ. ನಿಮಿಷಕ್ಕೊಂದು ಭಾಗ ಸಾಗುವ ಲೈನ್‌ನಲ್ಲಿ 20 ಭಾಗಗಳ ಬಫರ್ ಮೊದಲನೆಯದನ್ನು ಪೂರ್ತಿ ನುಂಗಿಕೊಳ್ಳುತ್ತದೆ, ಎರಡನೆಯದಕ್ಕೆ ಅದು ಇದ್ದೂ ಇಲ್ಲದಂತೆ. ಆದ್ದರಿಂದ ನಿಲುಗಡೆಯನ್ನು ಸೈಕಲ್ ಟೈಮ್‌ಗೆ ಶೇಕಡಾವಾರು ಸೇರಿಸುವ ಅಡ್ಡದಾರಿ ಬೇಡವೇ ಬೇಡ. ಎಷ್ಟು ಹೊತ್ತು ಓಡಿ ಕೆಟ್ಟಿತು, ಎಷ್ಟು ಹೊತ್ತು ನಿಂತಿತು, ಎರಡನ್ನೂ ಬೇರೆಯಾಗಿ ತೆಗೆಯಿರಿ. ಓಡಿದ ಹೊತ್ತೆಂದರೆ ನಿಜಕ್ಕೂ ಓಡಿದ ಗಂಟೆ, ಕ್ಯಾಲೆಂಡರ್ ಗಂಟೆಯಲ್ಲ. ಸುಮ್ಮನೆ ನಿಂತ ಮಷಿನ್‌ನ ಬೆಲ್ಟ್ ಸವೆಯುವುದಿಲ್ಲ. ಮೇಂಟೆನೆನ್ಸ್ ಲಾಗ್ ಬುಕ್ ಒಂದನ್ನೇ ನಂಬಬೇಡಿ. ಆಪರೇಟರ್ ತಾನೇ ಸರಿಪಡಿಸಿಕೊಳ್ಳುವ ಎರಡು ಮೂರು ನಿಮಿಷದ ನಿಲುಗಡೆ ಅದರಲ್ಲಿ ಬರುವುದು ಅಪರೂಪ. ಪುಸ್ತಕದ ರಿಪೇರಿ ಸಮಯದಲ್ಲಿ ಮೆಕ್ಯಾನಿಕ್‌ಗಾಗಿ ಕಾದದ್ದೂ ಸೇರಿರಬಹುದು. ಮೆಕ್ಯಾನಿಕ್‌ನನ್ನು ಮಾಡೆಲ್‌ನಲ್ಲಿ ಬೇರೆಯಾಗಿ ಇಡುವುದಾದರೆ ಆ ಕಾಯುವಿಕೆಯನ್ನು ಕಳೆಯಿರಿ.

ಹಂತ 4: ಕಟ್ಟುವುದು. ಅರೀನಾ, ಎನಿಲಾಜಿಕ್, ಪ್ಲಾಂಟ್ ಸಿಮ್ಯುಲೇಶನ್, ಯಾವ ಸಾಫ್ಟ್‌ವೇರ್ ಆದರೂ ಆದೀತು. ಕೋಡ್ ಬರೆಯಬಲ್ಲವರಿಗೆ ಪೈಥಾನ್‌ನ ಸಿಮ್‌ಪೈ ಉಚಿತ. ಒಂದು ಮಷಿನ್, ಒಂದು ಸರದಿಯಿಂದ ಶುರುಮಾಡಿ, ಸರಿ ಓಡಿದ ಮೇಲೆ ಮುಂದಿನದು ಸೇರಿಸಿ. ಮೂರು ಆಯಾಮದ ಆನಿಮೇಷನ್ ಮೀಟಿಂಗ್‌ಗೆ ಚೆಂದ, ಉತ್ತರವನ್ನು ಒಂದು ಕೂದಲಷ್ಟೂ ಸುಧಾರಿಸದು.

ಹಂತ 5: ಪರೀಕ್ಷೆ. ಒಂದೇ ಒಂದು ಭಾಗವನ್ನು ಬಿಟ್ಟು ಅದರ ದಾರಿ ಹಿಂಬಾಲಿಸಿ. ಬ್ರೇಕ್‌ಡೌನ್ ಸೊನ್ನೆ ಮಾಡಿ, ಬರುವ ಪ್ರಮಾಣ ದುಪ್ಪಟ್ಟು ಮಾಡಿ, ಲೈನ್ ನಿರೀಕ್ಷೆಯಂತೆ ವರ್ತಿಸುತ್ತದೆಯೇ ನೋಡಿ. ಲಿಟಲ್ ನಿಯಮವನ್ನೂ ಹಾಕಿ: ಗಂಟೆಗೆ ಬರುವ ಭಾಗ ಗುಣಿಸು ಒಳಗೆ ಕಳೆಯುವ ಸರಾಸರಿ ಗಂಟೆ ಎಂದರೆ ಒಳಗಿರುವ ಸರಾಸರಿ ಭಾಗಗಳು. ಆರಂಭದ ಉದಾಹರಣೆಯಲ್ಲಿ 6 ಗುಣಿಸು 1.5 (ಕಾಯಲು 81, ಕೆಲಸಕ್ಕೆ 9, ಒಟ್ಟು 90 ನಿಮಿಷ), ಅಂದರೆ 9. ದೀರ್ಘ ಓಟದಲ್ಲೂ ಇದು ಹೊಂದದಿದ್ದರೆ ಎಲ್ಲೋ ಭಾಗಗಳು ಕಳೆದುಹೋಗುತ್ತಿವೆ ಅಥವಾ ಎಣಿಕೆ ತಪ್ಪಿದೆ. ಕೊನೆಗೆ ಹಳೆಯ ಕೆಲವು ವಾರಗಳ ನಿಜವಾದ ಉತ್ಪಾದನೆಗೆ ಹೋಲಿಸಿ. ಹೊಂದಲಿಲ್ಲವೆಂದು ಅಂಕಿಗಳನ್ನು ತಿರುಚಬೇಡಿ, ಹಂತ 3ಕ್ಕೆ ಮರಳಿ.

ಹಂತ 6: ಓಡಿಸುವುದು. ಮಾಡೆಲ್ ಖಾಲಿಯಾಗಿ ಶುರುವಾಗುತ್ತದೆ, ಮೊದಲ ಭಾಗಗಳಿಗೆ ಸರದಿಯೇ ಸಿಗುವುದಿಲ್ಲ, ಕಾಯುವ ಸಮಯ ಸುಳ್ಳೇ ಕಡಿಮೆ ಕಾಣುತ್ತದೆ. ಹಲವು ಓಟಗಳ ಸರಾಸರಿ ಸರದಿಯನ್ನು ಸಮಯದ ಎದುರು ಗ್ರಾಫ್ ಮಾಡಿ, ಗೆರೆ ಸಮತಟ್ಟಾಗುವವರೆಗಿನ ಅವಧಿಯನ್ನು ವಾರ್ಮ್-ಅಪ್ ಎಂದು ಬಿಟ್ಟುಬಿಡಿ. ನಿಜವಾದ ಲೈನೇ ದಿನವೂ ಖಾಲಿಯಾಗಿ ಶುರುವಾಗುವುದಾದರೆ ಇದು ಬೇಕಿಲ್ಲ.

ಒಂದೇ ಓಟದ ಫಲಿತಾಂಶ ಯಾರಿಗೂ ತೋರಿಸಬೇಡಿ. ಬೇರೆ ಬೇರೆ ರ‍್ಯಾಂಡಮ್ ಬೀಜಗಳೊಂದಿಗೆ (ಯಾದೃಚ್ಛಿಕ ಅಂಕಿಗಳ ಸಾಲನ್ನು ಶುರುಮಾಡುವ ಸಂಖ್ಯೆ) 10 ಓಟ ಓಡಿಸಿ. ಉತ್ಪಾದನೆಯ ಸರಾಸರಿ 412, ಸ್ಟ್ಯಾಂಡರ್ಡ್ ಡೀವಿಯೇಶನ್ 18 ಬಂದರೆ, ನಿಜವಾದ ಸರಾಸರಿ ಎಲ್ಲಿರಬಹುದೆಂದು ಹೇಳುವ ಶೇ 95 ವಿಶ್ವಾಸದ ವ್ಯಾಪ್ತಿ ಸುಮಾರು 399ರಿಂದ 425. ಈ ವ್ಯಾಪ್ತಿಯ ಅಗಲವನ್ನು ಅರ್ಧಕ್ಕಿಳಿಸಲು ಸರಿಸುಮಾರು ನಾಲ್ಕು ಪಟ್ಟು ಓಟ ಬೇಕು.

ಹಂತ 7: ಹೋಲಿಕೆ. ಬಫರ್ 20 ಮತ್ತು 40, ಎರಡಕ್ಕೂ ಅದೇ ಬೀಜಗಳನ್ನು ಕೊಡಿ, ಪ್ರತಿ ಮಷಿನ್‌ಗೂ ಪ್ರತ್ಯೇಕ ರ‍್ಯಾಂಡಮ್ ಸಾಲು ಇಡಿ. ಆಗ ಎರಡೂ ಮಾಡೆಲ್ ಅದೇ ಬ್ರೇಕ್‌ಡೌನ್‌ಗಳನ್ನು ಎದುರಿಸುತ್ತವೆ. ಒಂದೇ ಬೀಜದ ಎರಡು ಓಟಗಳ ಉತ್ಪಾದನೆಯ ವ್ಯತ್ಯಾಸ ತೆಗೆದು, ಆ ವ್ಯತ್ಯಾಸಗಳಿಗೇ ವ್ಯಾಪ್ತಿ ಲೆಕ್ಕ ಹಾಕಿ. ಅದರೊಳಗೆ ಸೊನ್ನೆ ಬಂದರೆ ಓಟ ಹೆಚ್ಚಿಸಿ ನೋಡಿ. ಆಗಲೂ ಬಂದರೆ ದೊಡ್ಡ ಬಫರ್‌ಗೆ ಜಾಗ ಕೇಳುವ ಅರ್ಜಿ ಬರೆಯುವ ಅಗತ್ಯವಿಲ್ಲ.