ಅರಿಶಿನದ ಕಲೆ ಕೆಂಪಾದರೆ ಗಾಬರಿ ಬೇಡ

ಹತ್ತನೇ ಕ್ಲಾಸಿನ ಮೊಮ್ಮಗ ಮೊನ್ನೆ ಯೂನಿಫಾರ್ಮಿನ ಬಿಳಿ ಅಂಗಿ ಮೇಲೆ ಸಾರು ಚೆಲ್ಲಿಕೊಂಡು ಬಂದ. ನನಗೆ ಗೊತ್ತಾಗೋದು ಬೇಡ ಅಂತ ತಾನೇ ಬಟ್ಟೆ ಸೋಪು ಹಾಕಿ ಉಜ್ಜಿದ್ದಾನೆ. ಹಳದಿ ಕಲೆ ನೋಡನೋಡುತ್ತಲೇ ಕೆಂಪಾಯಿತು. "ಅಜ್ಜಿ, ಕಲೆ ಜಾಸ್ತಿ ಆಗೋಯ್ತು!" ಅಂತ ಓಡಿ ಬಂದ.

ಕಲೆ ಜಾಸ್ತಿ ಆಗಿರಲಿಲ್ಲ, ಬಣ್ಣ ಬದಲಾಗಿತ್ತು. ಅರಿಶಿನಕ್ಕೆ ಹಳದಿ ಬರೋದು ಕರ್ಕ್ಯುಮಿನ್ ಅನ್ನೋ ವಸ್ತುವಿನಿಂದ. ಪ್ರತ್ಯಾಮ್ಲ, ಅಂದರೆ ಹುಳಿಗೆ (ಆಮ್ಲಕ್ಕೆ) ವಿರುದ್ಧ ಗುಣದ ವಸ್ತು, ತಾಗಿದರೆ ಅದು ಕೆಂಪಾಗುತ್ತದೆ. ಬಟ್ಟೆ ಸೋಪು ಪ್ರತ್ಯಾಮ್ಲವೇ. ಕಲೆ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದೆ, ಮತ್ತೆ ಹಳದಿಗೆ ತಿರುಗಿತು. ಹುಡುಗನ ಕಣ್ಣು ಅರಳಿತು. ನಿಂಬೆಯಿಂದ ಕಲೆ ಹೋಗುವುದಿಲ್ಲ, ಬಣ್ಣ ತಿರುಗುತ್ತದೆ ಅಷ್ಟೆ. ಅಂಗಿಯನ್ನು ಒಗೆದು, ಚೆನ್ನಾಗಿ ಜಾಲಿಸಿ, ಒಳ್ಳೆ ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ. ಎರಡು ದಿನದಲ್ಲಿ ನಮ್ಮ ಅಂಗಿ ಬೆಳ್ಳಗಾಯಿತು.

ಆಮೇಲೆ ಅವನನ್ನು ಕೂರಿಸಿಕೊಂಡು ಆರತಿ ತಟ್ಟೆ ತಂದೆ. ನೀರಿಗೆ ಅರಿಶಿನ ಕದಡಿ, ಎಲೆ ಅಡಿಕೆ ಡಬ್ಬಿಯಿಂದ ಚೂರು ಸುಣ್ಣ ಹಾಕಿದೆ. ಮದುಮಕ್ಕಳನ್ನು ಮನೆ ತುಂಬಿಸಿಕೊಳ್ಳುವಾಗ ಎತ್ತುತ್ತೇವಲ್ಲ, ಅದೇ ಕೆಂಪು ನೀರು. ಪುಸ್ತಕದಲ್ಲಿ ಇವನು ಬಾಯಿಪಾಠ ಮಾಡುತ್ತಿದ್ದ 'ಸೂಚಕ', ಅಂದರೆ ಬಣ್ಣ ಬದಲಿಸಿ ಆಮ್ಲವೋ ಪ್ರತ್ಯಾಮ್ಲವೋ ಅಂತ ತೋರಿಸುವ ವಸ್ತು, ಇದೇ ಅಲ್ವಾ? ಬಿಳಿ ಕಾಗದಕ್ಕೆ ಅರಿಶಿನ ನೀರು ಬಳಿದು ಒಣಗಿಸಿ ಪಟ್ಟಿ ಕತ್ತರಿಸಿಕೊಂಡರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಆದರೆ ಹುಳಿ ಯಾವುದು, ಸುಮ್ನೆ ನೀರು ಯಾವುದು ಅಂತ ಅರಿಶಿನ ಹೇಳಲಾರದು, ಎರಡರಲ್ಲೂ ಹಳದಿಯೇ. ಅದಕ್ಕೆ ಕೆಂಪು ದಾಸವಾಳ ಬೇಕು. ಎಸಳುಗಳನ್ನು ಬಿಸಿನೀರಲ್ಲಿ ನೆನೆಸಿ ಸೋಸಿ. ನಿಂಬೆರಸ ಬಿದ್ದರೆ ಗಾಢ ಗುಲಾಬಿ, ಸುಣ್ಣದ ತಿಳಿ ಬಿದ್ದರೆ ಹಸಿರು.

ಪಿಎಚ್ ಅಂದರೆ ಒಂದು ವಸ್ತು ಎಷ್ಟು ಆಮ್ಲ, ಎಷ್ಟು ಪ್ರತ್ಯಾಮ್ಲ ಅಂತ ಅಳೆಯುವ ಲೆಕ್ಕ. 1909ರಲ್ಲಿ ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್ಸನ್ ಕೊಟ್ಟದ್ದು. ಶುದ್ಧ ನೀರು 7, ನಿಂಬೆರಸ ಸುಮಾರು 2, ಸುಣ್ಣದ ತಿಳಿ 12ರ ಮೇಲೆ. ಒಂದು ಅಂಕಿ ಇಳಿದರೆ ಆಮ್ಲದ ಬಲ ಹತ್ತು ಪಟ್ಟು ಏರುತ್ತದೆ, ಇದನ್ನು ಮಕ್ಕಳು ಮರೆಯುತ್ತಾರೆ.

ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಚ್ಚಿದರೆ ಹೊಳೆಯುವುದೂ ಆಮ್ಲದಿಂದಲೇ. ಕಪ್ಪು, ಕಿಲುಬು ಎಲ್ಲ ಅದರಲ್ಲಿ ಕರಗುತ್ತದೆ. ಹಾಗಾದರೆ ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಸಾರು, ಮಜ್ಜಿಗೆ ಇಟ್ಟರೆ ಏನಾಗುತ್ತದೆ ಯೋಚಿಸಿ. ಅದೇ ಕರಗುವ ಕೆಲಸ ಒಳಗೂ ನಡೆದು ತಾಮ್ರ ಊಟಕ್ಕೆ ಇಳಿಯುತ್ತದೆ. ಅಡುಗೆಮನೆ ಕಟ್ಟೆಗೆ ಕಡಪ ಕಲ್ಲೋ ಮಾರ್ಬಲ್ಲೋ ಹಾಕಿದ್ದರೆ ನಿಂಬೆ ಹೋಳು ಅದರ ಮೇಲೆ ಬಿಡಬೇಡಿ. ಸುಣ್ಣದ ಅಂಶದ ಕಲ್ಲು, ಹುಳಿ ತಿಂದು ಹೊಳಪು ಹೋಗುತ್ತದೆ. ಕೆಟಲ್ಲಿನೊಳಗೆ ಬೋರ್‌ವೆಲ್ ನೀರಿನಿಂದ ಕಟ್ಟಿದ ಬಿಳಿ ಪೊರೆಗೆ ಮಾತ್ರ ಈ ಗುಣವೇ ಔಷಧಿ: ನಿಂಬೆರಸ ಬೆರೆಸಿದ ನೀರು ಕುದಿಸಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ.

ಬಚ್ಚಲು ತೊಳೆಯುವ ಆಸಿಡ್ ವಿಷಯಕ್ಕೆ ಬರುತ್ತೇನೆ, ಇದನ್ನು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು. ವರ್ಷಗಳ ಹಿಂದೆ ಹಬ್ಬದ ಹಿಂದಿನ ದಿನ ಜಾಸ್ತಿ ಬೆಳ್ಳಗಾಗಲಿ ಅಂತ ಆಸಿಡ್ ಹಾಕಿದ ನೆಲಕ್ಕೇ ಬ್ಲೀಚಿಂಗ್ ಪೌಡರ್ ಉದುರಿಸಿದೆ. ಹಸಿರು ಹಳದಿ ಹೊಗೆ ಎದ್ದಿತು. ಎದೆ ಕಟ್ಟಿ ಉಸಿರೇ ಬರಲಿಲ್ಲ. ಅದು ಕ್ಲೋರಿನ್ ಅನಿಲ. ಮನೆಯವರು ಎಳೆದುಕೊಂಡು ಅಂಗಳಕ್ಕೆ ತಂದರು, ಎರಡು ದಿನ ಕೆಮ್ಮಿದೆ. ಅವೆರಡನ್ನೂ ಯಾವತ್ತೂ ಸೇರಿಸಬೇಡಿ. ಬ್ಲೀಚ್ ಜೊತೆ ವಿನೆಗರ್ ಕೂಡ ಬೇಡ.

"ಕೈಮೇಲೆ ಆಸಿಡ್ ಬಿದ್ದರೆ ಸೋಡ ಹಾಕಿದ್ರೆ ತಟಸ್ಥ ಆಗುತ್ತಲ್ಲ ಅಜ್ಜಿ?" ಅಂದ ಮೊಮ್ಮಗ. ಪುಸ್ತಕದ ಲೆಕ್ಕ ಸರಿ, ಆದರೆ ಆಮ್ಲ, ಪ್ರತ್ಯಾಮ್ಲ ಸೇರಿ ಒಂದರ ಬಲ ಇನ್ನೊಂದು ಕಳೆದು ತಟಸ್ಥವಾಗುವಾಗ ಬಿಸಿ ಹುಟ್ಟುತ್ತದೆ, ಸುಟ್ಟ ಚರ್ಮಕ್ಕೆ ಅದು ಇನ್ನೊಂದು ಏಟು. ನಲ್ಲಿ ತಿರುಗಿಸಿ ಇಪ್ಪತ್ತು ನಿಮಿಷ ಹರಿಯುವ ನೀರಿನ ಕೆಳಗೆ ಕೈ ಹಿಡಿಯಬೇಕು. ಕಣ್ಣಿಗೆ ಸುಣ್ಣ ಸಿಡಿದರೂ ಹಾಗೆಯೇ ತೊಳೆದು, ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಈಗ ನಮ್ಮಲ್ಲಿ ಆಸಿಡ್ ಬಾಟಲಿ ಬಚ್ಚಲ ಹೊರಗಿನ ಕಪಾಟಿನಲ್ಲಿದೆ, ಬ್ಲೀಚ್ ಡಬ್ಬ ಹಿತ್ತಲಲ್ಲಿ. ಎರಡರ ಮೇಲೂ ದೊಡ್ಡಕ್ಷರದಲ್ಲಿ ಚೀಟಿ ಬರೆದು ಅಂಟಿಸಿದ್ದು ಮೊಮ್ಮಗನೇ.